ಅರಸುಗಳ ಗ್ರಂಥದ ಕಡೆಯ ಅರಸು

ಕಾವ್ಯದ ಮೊದಲು ಹೇಗಿರಬೇಕೆಂಬುದನ್ನು ನಮ್ಮ ಆಲಂಕಾರಿಕರು ವಿಸ್ತಾರವಾಗಿ ಹೇಳಿರುವರು. ಆಶೀರ್ವಾದವೋ ನಮಸ್ಕಾರವೋ ವಸ್ತುನಿರ್ದೇಶವೋ ಇರಬೇಕೆಂಬುದು ಬಾಲಪಾಠದಲ್ಲಿಯೇ ಬರುವ ಮಾತು. ಕೊನೆಯು ಹೇಗಿರಬೇಕೆಂಬ ವಿಷಯದಲ್ಲಿ, ನಾಟಕವನ್ನು ಬಿಟ್ಟರೆ, ಅವರ ಮಾತು ಕಡಮೆ. ಆನಂದವರ್ಧನನು ಮಾತ್ರ ಧ್ವನ್ಯಾಲೋಕದ ನಾಲ್ಕನೆಯ ಉದ್ಯೋತದಲ್ಲಿ ಮಹಾಭಾರತವನ್ನು ಎತ್ತಿಕೊಂಡು, ಯಾದವರ ಮತ್ತು ಪಾಂಡವರ ದುಃಖಕರವಾದ ಅವಸಾನದಲ್ಲಿ ಗ್ರಂಥವು ಮುಗಿಯುವುದನ್ನೇ ಆಧಾರವಾಗಿಟ್ಟುಕೊಂಡು, ಅಷ್ಟು ದೊಡ್ಡ ಕೃತಿಯ ಪ್ರಧಾನರಸವು ಶಾಂತವೆಂದು ಸಾಧಿಸುವನು. ಕಡೆಯ ಪುಟದಲ್ಲಿ ನಿಂತು ಇಡೀ ಗ್ರಂಥವನ್ನು ಹಿಂದಿರುಗಿ ನೋಡುವ ಈ ಕ್ರಮವು ನಮ್ಮ ಗ್ರಂಥಗಳಿಗೆ ಮಾತ್ರ ಸಲ್ಲತಕ್ಕದ್ದೆಂದು ನಾನು ಬಹುಕಾಲ ತಿಳಿದಿದ್ದೆನು. ಬೈಬಲಿನ ಹಳೆಯ ಒಡಂಬಡಿಕೆಯಲ್ಲಿರುವ ‘ಅರಸುಗಳು’ ಎಂಬ ಗ್ರಂಥವನ್ನು ಮೊದಲಿನಿಂದ ಕಡೆಯವರೆಗೆ ಓದಿದ ಮೇಲೆ ಆ ಅಭಿಪ್ರಾಯವನ್ನು ಬಿಡಬೇಕಾಯಿತು.

ಈ ಗ್ರಂಥವು ಎರಡು ಭಾಗವಾಗಿ, ೪೭ ಅಧ್ಯಾಯಗಳಲ್ಲಿದೆ. ಮುಪ್ಪಿನಿಂದ ಮೈಬಿಸಿಯಾಗದೆ ಮಲಗಿರುವ ದಾವೀದನಿಂದ ಇದು ಮೊದಲಾಗುವುದು. ಸೊಲೊಮೋನನ ವೈಭವ, ರಾಜ್ಯವು ಇಬ್ಭಾಗವಾದುದು, ಉತ್ತರದ ಇಸ್ರಾಯೇಲು ಅಶ್ಶೂರರ ಪಾಲಾದುದು, ದಕ್ಷಿಣದ ಯೆಹೂದವು ಬಾಬೆಲಿನ ನೆಬೂಕದ್ನೆಚ್ಚರನ ಕೈಗೆ ಸಿಕ್ಕಿದುದು, ಕಡೆಗೆ ಯೆರೂಸಲೇಮಿನ ದೇವಾಲಯವು ಬೆಂಕಿಗೆ ಆಹುತಿಯಾದುದು, ಇದು ಕಥೆ. ಕಡೆಯ ದೊರೆಯಾದ ಚಿದ್ಕೀಯನ ಕಣ್ಣೆದುರಿಗೆ ಅವನ ಮಕ್ಕಳನ್ನು ಕೊಂದು, ಆ ಬಳಿಕ ಆ ಕಣ್ಣುಗಳನ್ನೇ ಕಿತ್ತರು. ಅವನು ಕಂಡ ಕೊನೆಯ ನೋಟ ಯಾವುದಾಗಿರಬೇಕೆಂಬುದನ್ನು ಆಲೋಚಿಸಿ ಮಾಡಿದ ಶಿಕ್ಷೆ ಅದು. ಇಲ್ಲಿಗೆ ಗ್ರಂಥವು ಮುಗಿದಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ.

ಆದರೆ ಮುಗಿಯುವುದಿಲ್ಲ. ಇಪ್ಪತ್ತೈದು ವರ್ಷಗಳನ್ನು ಒಂದೇ ನೆಗೆತಕ್ಕೆ ದಾಟಿ, ಗ್ರಂಥಕಾರನು ನಾಲ್ಕು ವಾಕ್ಯಗಳನ್ನು ಸೇರಿಸಿರುವನು. ಚಿದ್ಕೀಯನಿಗೆ ಮೊದಲು ಆಳಿದ ಯೆಹೋಯಾಖೀನನೆಂಬ ದೊರೆಯು ಹದಿನೆಂಟನೆಯ ವಯಸ್ಸಿನಲ್ಲಿ ಪಟ್ಟಕ್ಕೆ ಬಂದು, ಮೂರೇ ತಿಂಗಳು ಆಳಿ, ಕ್ರಿ. ಪೂ. ೫೯೭ರಲ್ಲಿ ತಾನಾಗಿ ನಗರದಿಂದ ಹೊರಬಂದು ಶರಣಾಗತನಾಗಿ, ತಾಯಿ ಪತ್ನಿಯರೊಡನೆ ಬಾಬೆಲಿಗೆ ಸೆರೆಹೋಗಿದ್ದನು. ಅವನು ಸೆರೆಯಾದ ಮೂವತ್ತೇಳನೆಯ ವರ್ಷದಲ್ಲಿ, ನೆಬೂಕದ್ನೆಚ್ಚರನ ಮಗನಾದ ಎವೀಲ್ಮೆರೋದಕನೆಂಬವನು ಪಟ್ಟಕ್ಕೆ ಬಂದು, ಇವನನ್ನು ಸೆರೆಮನೆಯಿಂದ ಬಿಡಿಸಿದನು, ಒಳ್ಳೆಯ ಮಾತನಾಡಿದನು, ತನ್ನ ಬಳಿಯಿದ್ದ ಇತರ ಅರಸರ ಆಸನಗಳಿಗಿಂತ ಎತ್ತರವಾದ ಆಸನವನ್ನು ಕೊಟ್ಟನು, ಸೆರೆಯ ಬಟ್ಟೆಯನ್ನು ತೆಗೆಸಿದನು, ತನ್ನ ಪಂಕ್ತಿಯಲ್ಲಿ ಊಟಕ್ಕೆ ಕೂರಿಸಿಕೊಂಡನು, ಅವನು ಬದುಕಿರುವವರೆಗೆ ದಿನದ ಪಡಿಯನ್ನು ಏರ್ಪಡಿಸಿದನು. ಗ್ರಂಥವು ಇಲ್ಲಿಗೆ ಸಮಾಪ್ತವಾಯಿತು. ಎವೀಲ್ಮೆರೋದಕನು ಇದಕ್ಕೆ ಹಿಂದೆ ಎಲ್ಲಿಯೂ ಬಂದವನಲ್ಲ. ಯೆರೆಮೀಯನ ಗ್ರಂಥದ ಕಡೆಯಲ್ಲಿ ಇದೇ ವಾಕ್ಯಗಳು ಮತ್ತೊಮ್ಮೆ ಬಂದಿರುವುದನ್ನು ಬಿಟ್ಟರೆ ಬೈಬಲಿನಲ್ಲಿ ಅವನ ಸುಳಿವು ಬೇರೆಲ್ಲಿಯೂ ಇಲ್ಲ.

ಅವನ ಹೆಸರಿನ ವಿಷಯವಾಗಿ ಒಂದು ಮಾತು. ಇಂಗ್ಲಿಷು ಬಲ್ಲ ಮಿತ್ರರೊಬ್ಬರು ‘ಎವೀಲ್’ ಎಂಬುದನ್ನು ನೋಡಿ, ಇವನು ದುಷ್ಟನಾಗಿರಬೇಕೆಂದು ನನ್ನೊಡನೆ ವಾದಿಸಿದರು. ಅದು ಕಿವಿಯ ಭ್ರಮೆ. ಬಾಬಿಲೋನಿನ ಭಾಷೆಯಲ್ಲಿ ಇವನ ಹೆಸರು ಅಮೇಲ್-ಮರ್ದೂಕ್. ಮರ್ದೂಕನೆಂಬ ದೇವರ ಮನುಷ್ಯನೆಂದರ್ಥ. ನಮ್ಮ ಶಿವದಾಸ, ಹರಿದಾಸ ಎಂಬ ಹೆಸರುಗಳ ಜಾತಿಯದು. ಆದರೆ ಹೀಬ್ರೂ ಭಾಷೆಯಲ್ಲಿ ‘ಎವೀಲ್’ ಎಂದರೆ ಮೂಢನೆಂಬ ಅರ್ಥವುಂಟು. ಶತ್ರುದೇಶದ ಅರಸನ ಹೆಸರನ್ನು ಬರೆಯುವಾಗ ಯೆಹೂದ್ಯನ ಲೇಖನಿಯು ಸ್ವಲ್ಪ ನಕ್ಕಿರಬಹುದು. ಹೆಸರಿನಲ್ಲಿ ನಗೆಯಿದ್ದರೂ ನಡತೆಯ ವರ್ಣನೆಯಲ್ಲಿ ಎಳ್ಳಷ್ಟೂ ನಗೆಯಿಲ್ಲವೆಂಬುದು ಗಮನಿಸತಕ್ಕ ಅಂಶ.

ಈ ಗ್ರಂಥಕಾರನ ಸ್ವಭಾವವನ್ನು ಬಲ್ಲವರಿಗೆ ಇಲ್ಲಿ ಆಶ್ಚರ್ಯವಾಗಬೇಕು. ಅವನು ತೀರ್ಪು ಹೇಳದೆ ಬಿಡುವವನಲ್ಲ. ಅರಸನ ವಯಸ್ಸು, ಆಳಿದ ಕಾಲ, ಯೆಹೂದದವನಾದರೆ ತಾಯಿಯ ಹೆಸರು, ಆಮೇಲೆ ದೇವರ ದೃಷ್ಟಿಯಲ್ಲಿ ಅವನು ಒಳ್ಳೆಯದನ್ನು ಮಾಡಿದನೋ ಕೆಟ್ಟದ್ದನ್ನು ಮಾಡಿದನೋ ಎಂಬ ಒಂದು ವಾಕ್ಯ, ಇದು ಅವನ ಅಚ್ಚು. ಉತ್ತರದ ಹತ್ತೊಂಬತ್ತು ಅರಸರಲ್ಲಿ ಒಬ್ಬನಿಗಾದರೂ ಪೂರ್ಣ ಪ್ರಶಂಸೆಯಿಲ್ಲ. ಮೂರು ತಿಂಗಳು ಆಳಿದ ಹುಡುಗನಾದ ಯೆಹೋಯಾಖೀನನೂ ಕೆಟ್ಟದ್ದನ್ನು ಮಾಡಿದನೆಂದೇ ಬರೆದಿರುವನು. ಮೂರು ತಿಂಗಳಲ್ಲಿ ಏನು ಮಾಡಿದನೋ ಹೇಳಲಿಲ್ಲ. ಇಂಥವನು ಎವೀಲ್ಮೆರೋದಕನ ವಿಷಯದಲ್ಲಿ ಬಾಯಿ ಬಿಡುವುದಿಲ್ಲ. ಅವನು ಏಕೆ ಬಿಡಿಸಿದನೆಂದು ಹೇಳುವುದಿಲ್ಲ. ದೇವರು ಅವನ ಮನಸ್ಸನ್ನು ಪ್ರೇರಿಸಿದನೆಂದೂ ಹೇಳುವುದಿಲ್ಲ. ತಿಂಗಳು, ದಿನ, ಆಸನ, ಬಟ್ಟೆ, ಊಟ, ಇಷ್ಟನ್ನು ಕರಣಿಕನಂತೆ ಬರೆದು ಲೇಖನಿಯನ್ನು ಕೆಳಗಿಡುವನು.

ಈ ಮೌನವನ್ನು ಸಹಿಸಲಾರದೆ ಓದುಗರು ಎರಡು ಸಾವಿರ ವರ್ಷಗಳಿಂದ ಅದನ್ನು ತುಂಬುತ್ತ ಬಂದಿರುವರು. ಕ್ರಿಸ್ತಶಕದ ಮೊದಲನೆಯ ಶತಮಾನದ ಇತಿಹಾಸಕಾರನಾದ ಜೋಸೀಫಸನು, ಶರಣಾಗತನಾಗಿ ಬಂದವನಿಗೆ ತಂದೆಯು ಕೊಟ್ಟ ಮಾತನ್ನು ನಡಸಲಿಲ್ಲವೆಂದು ಮಗನು ಪ್ರಾಯಶ್ಚಿತ್ತ ಮಾಡಿಕೊಂಡನೆನ್ನುವನು. (ಇದೇ ಜೋಸೀಫಸನು ಒಂದು ಗ್ರಂಥದಲ್ಲಿ ಎವೀಲ್ಮೆರೋದಕನು ಹದಿನೆಂಟು ವರ್ಷ ಆಳಿದನೆಂದೂ, ಮತ್ತೊಂದರಲ್ಲಿ ಎರಡೇ ವರ್ಷ ಎಂದೂ ಬರೆದಿರುವನು. ಎರಡನೆಯದೇ ಸರಿ.) ಲೇವ್ಯಕಾಂಡದ ಮೇಲಣ ಯೆಹೂದ್ಯರ ಹಳೆಯ ವ್ಯಾಖ್ಯಾನದಲ್ಲಿ ಇನ್ನೂ ರಸವತ್ತಾದ ಕಥೆಯಿದೆ. ನೆಬೂಕದ್ನೆಚ್ಚರನು ಏಳು ವರ್ಷ ಮತಿಗೆಟ್ಟು ಕಾಡಿನಲ್ಲಿದ್ದಾಗ ಜನರು ಮಗನನ್ನು ಪಟ್ಟಕ್ಕೇರಿಸಿದರಂತೆ. ತಂದೆಯು ಹಿಂದಿರುಗಿ ಬಂದು ಮಗನನ್ನು ಸೆರೆಗೆ ಹಾಕಿದನಂತೆ. ತಂದೆ ಸತ್ತನೆಂದು ಬಂದು ಕರೆದರೂ ಹೆದರಿಕೆಯಿಂದ ಮಗನು ಸಿಂಹಾಸನವೇರಲು ಒಪ್ಪದಿರಲು, ಹೆಣವನ್ನು ಹೊರಗೆಳೆದು ತೋರಿಸಬೇಕಾಯಿತಂತೆ. ಸೆರೆಯಲ್ಲಿದ್ದವನೇ ಸೆರೆಯವನ ಕಷ್ಟವನ್ನು ಬಲ್ಲನೆಂಬುದು ಕಥೆಯ ಭಾವ.

ಇದು ಪುರಾಣವೆಂದು ತಳ್ಳಿಹಾಕುವಂತಿಲ್ಲ. ೧೯೯೯ರಲ್ಲಿ ಅರ್ವಿಂಗ್ ಫಿಂಕೆಲ್ ಎಂಬ ವಿದ್ವಾಂಸರು ಬ್ರಿಟಿಷ್ ಮ್ಯೂಸಿಯಮ್ಮಿನ ಒಂದು ಮಣ್ಣಿನ ಹಲಗೆಯನ್ನು ಓದಿ ಪ್ರಕಟಿಸಿದರು. ನೆಬೂಕದ್ನೆಚ್ಚರನ ಮಗನಾದ ನಬೂ-ಶುಮ-ಉಕೀನನೆಂಬವನು, ಪಿಶುನರ ಮಾತಿನಿಂದ ಸೆರೆಯಲ್ಲಿ ಬಿದ್ದು, ಮರ್ದೂಕನಿಗೆ ಮೊರೆಯಿಡುವ ಪದ್ಯಗಳು ಅದರಲ್ಲಿವೆ. ಇವನೇ ಬಿಡುಗಡೆಯಾದ ಮೇಲೆ ಕೃತಜ್ಞತೆಯಿಂದ ಮರ್ದೂಕನ ಹೆಸರನ್ನಿಟ್ಟುಕೊಂಡು ಅಮೇಲ್-ಮರ್ದೂಕನಾಗಿರಬಹುದೆಂಬುದು ಅವರ ಊಹೆ. ಊಹೆಯೇ ಆದರೂ ಸುಂದರವಾದ ಊಹೆ. ಹಾಗಿದ್ದರೂ ವಿಮರ್ಶಕನ ದೃಷ್ಟಿಯಿಂದ ನಾನು ಹೇಳುವುದಿಷ್ಟೆ: ಇದು ನಿಜವಾಗಿದ್ದು ಗ್ರಂಥಕಾರನಿಗೆ ತಿಳಿದೂ ಇದ್ದರೆ, ಅವನು ಬರೆಯದೆ ಬಿಟ್ಟುದು ಇನ್ನೂ ದೊಡ್ಡದಾಯಿತು. ಕಾರಣವನ್ನು ಹೇಳಿದ್ದರೆ ಅದು ಎವೀಲ್ಮೆರೋದಕನ ಕಥೆಯಾಗುತ್ತಿತ್ತು. ಹೇಳದುದರಿಂದ ಅದು ಸೆರೆಯವನ ಕಥೆಯಾಗಿಯೇ ಉಳಿದಿದೆ.

ಸೆರೆಯವನ ಪಡಿಯ ಲೆಕ್ಕವೂ ನಮಗೆ ದೊರೆತಿರುವುದು ಒಂದು ವಿಚಿತ್ರ. ಜರ್ಮನಿಯ ರಾಬರ್ಟ್ ಕೋಲ್ಡೆವೈ ೧೮೯೯ರಿಂದ ೧೯೧೭ರವರೆಗೆ ಬಾಬಿಲೋನನ್ನು ಅಗೆಸಿದಾಗ, ಅರಮನೆಯ ಈಶಾನ್ಯದ ಮೂಲೆಯಲ್ಲಿ ಕಮಾನು ಚಾವಣಿಯ ಕೋಣೆಗಳ ಸಾಲೊಂದು ಸಿಕ್ಕಿತು. ಅಲ್ಲಿದ್ದ ಮಣ್ಣಿನ ಹಲಗೆಗಳನ್ನು ಎರ್ನ್ಸ್ಟ್ ವೈಡ್ನರ್ ೧೯೩೯ರಲ್ಲಿ ಓದಿ ಪ್ರಕಟಿಸಿದರು. ಉಗ್ರಾಣದವರ ಲೆಕ್ಕಗಳು ಅವು: ಬಡಗಿಗಳಿಗೆ ಇಷ್ಟು, ನಾವಿಕರಿಗೆ ಇಷ್ಟು, ಅಷ್ಕೆಲೋನಿನ ಅರಸನ ಮಕ್ಕಳಿಗೆ ಇಷ್ಟು ಎಂದು ಎಳ್ಳೆಣ್ಣೆಯನ್ನು ಅಳೆದುಕೊಟ್ಟ ದಾಖಲೆ. ಅವುಗಳ ನಡುವೆ ಯೆಹೂದದ ಅರಸ ಯಾಊಕೀನನ ಹೆಸರಿದೆ. ಒಂದು ಹಲಗೆಯ ಕಾಲ ಕ್ರಿ. ಪೂ. ೫೯೨. ಅವನ ಐವರು ಮಕ್ಕಳಿಗೆ ಒಟ್ಟು ಎರಡೂವರೆ ಸೀಲಾ ಎಣ್ಣೆ, ಎಂದರೆ ತಲೆಗೆ ಅರ್ಧ ಸೀಲಾ. ಸೀಲಾ ಎಂಬುದು ಹೆಚ್ಚುಕಡಮೆ ಒಂದು ಲೀಟರಿನ ಅಳತೆ. ತಂದೆಗೆ ಇದಕ್ಕಿಂತ ಬಹಳ ದೊಡ್ಡ ಪಾಲು.

ಇದನ್ನು ಓದಿದಾಗ ನನಗೆ ಸಂತೋಷಕ್ಕಿಂತ ತೊಡಕೇ ಹೆಚ್ಚಾಯಿತೆಂದು ಒಪ್ಪಿಕೊಳ್ಳಬೇಕು. ಸೆರೆಹೋದ ಐದು ವರ್ಷಗಳಲ್ಲಿಯೇ ಯೆಹೋಯಾಖೀನನಿಗೆ ಅರಸನೆಂಬ ಬಿರುದಿತ್ತು, ಹೆಂಡತಿ ಮಕ್ಕಳ ಸಂಸಾರವಿತ್ತು, ಎಣ್ಣೆಯ ಪಡಿಯಿತ್ತು. ಹಾಗಾದರೆ ಎವೀಲ್ಮೆರೋದಕನು ಹೊಸದಾಗಿ ಕೊಟ್ಟುದೇನು? ನಡುವೆ ಯಾವಾಗಲೋ ಸೆರೆಯು ಬಿಗಿಯಾಗಿದ್ದಿರಬೇಕು. ಚಿದ್ಕೀಯನು ದಂಗೆಯೆದ್ದಾಗ ಹಾಗಾಯಿತೆಂದು ಊಹಿಸುವವರುಂಟು. ಆದರೆ ನಮ್ಮ ವಾಕ್ಯಗಳನ್ನು ಮತ್ತೊಮ್ಮೆ ನೋಡಿದರೆ, ಗ್ರಂಥಕಾರನು ಒತ್ತಿ ಹೇಳುವುದು ಪಡಿಯ ಪ್ರಮಾಣವನ್ನಲ್ಲವೆಂಬುದು ತಿಳಿಯುವುದು. ಉಗ್ರಾಣದಿಂದ ಅಳೆದು ಕಳುಹಿಸಿದ ಎಣ್ಣೆಗೂ, ಎದುರಿಗೆ ಕೂರಿಸಿಕೊಂಡು ಮಾಡಿಸಿದ ಊಟಕ್ಕೂ ಇರುವ ಅಂತರವನ್ನು ಮನೆಯಲ್ಲಿ ಒಬ್ಬ ಬಡ ನೆಂಟನನ್ನು ಸಾಕಿದವರೆಲ್ಲರೂ ಬಲ್ಲರು. ಮೂವತ್ತೇಳು ವರ್ಷದ ಮೇಲೆ ಒಬ್ಬನು ಅವನೊಡನೆ ಮಾತನಾಡಿದನು. ಹಲಗೆಯಲ್ಲಿ ಇದಕ್ಕೆ ಅಂಕಣವಿಲ್ಲ.

ಇನ್ನು ಶಬ್ದದ ವಿಚಾರ. ಬಿಡಿಸಿದನೆಂದು ಹೇಳಲು ಮೂಲದಲ್ಲಿರುವ ನುಡಿಗಟ್ಟು, ತಲೆಯನ್ನು ಎತ್ತಿದನು ಎಂದು. ಹೀಬ್ರೂ ಗ್ರಂಥಗಳನ್ನು ಬಲ್ಲ ಕೇಳುಗನಿಗೆ ಇದು ತಟ್ಟನೆ ಆದಿಕಾಂಡದ ಯೋಸೇಫನ ಕಥೆಯನ್ನು ನೆನಪಿಗೆ ತರುವುದು. ಅಲ್ಲಿ ಫರೋಹನು ಸೆರೆಯಲ್ಲಿದ್ದ ಇಬ್ಬರು ಸೇವಕರ ತಲೆಯನ್ನೂ ಎತ್ತಿದನು: ಪಾನದಾಯಕನ ತಲೆಯನ್ನು ಪದವಿಗೆ, ರೊಟ್ಟಿಗಾರನ ತಲೆಯನ್ನು ಮರಣಸ್ತಂಭಕ್ಕೆ. ಒಂದೇ ಮಾತು, ಎರಡು ಗತಿ. ಸೆರೆಯ ಬಟ್ಟೆಯನ್ನು ಬದಲಿಸಿ ಅರಸನ ಮುಂದೆ ನಿಲ್ಲುವುದೂ ಯೋಸೇಫನ ಕಥೆಯಲ್ಲಿಯೇ ಇದೆ. ಪರದೇಶದ ಸೆರೆಯಿಂದ ಎದ್ದು ಬಂದ ಯೋಸೇಫನು ತನ್ನ ಕುಲವನ್ನೇ ಬದುಕಿಸಿದನು. ಆದರೆ ಆ ಕುಲವು ಅವನ ಹಿಂದೆ ಬಂದು ಆ ದೇಶದಲ್ಲಿಯೇ ದಾಸ್ಯಕ್ಕೆ ಬಿದ್ದಿತು. ಯಾವ ನೆನಪನ್ನು ಹಿಡಿಯಬೇಕೆಂದು ಗ್ರಂಥಕಾರನು ಸೂಚಿಸಲಿಲ್ಲ.

ಇದಕ್ಕಿಂತ ತೀಕ್ಷ್ಣವಾದ ಧ್ವನಿಯೊಂದು ಊಟದ ಮಾತಿನಲ್ಲಿದೆ. ದಾವೀದನು ಸೌಲನ ಮನೆತನದಿಂದ ರಾಜ್ಯವನ್ನು ಪಡೆದ ಮೇಲೆ, ಆ ಮನೆಯಲ್ಲಿ ಯಾರಾದರೂ ಉಳಿದಿರುವರೋ ಎಂದು ವಿಚಾರಿಸಿದನು. ಸೌಲನ ಮೊಮ್ಮಗನಾದ ಮೆಫೀಬೋಶೆತನೆಂಬ ಎರಡು ಕಾಲೂ ಕುಂಟಾದವನೊಬ್ಬನಿದ್ದನು. ಐದು ವರ್ಷದ ಮಗುವಾಗಿದ್ದಾಗ, ಓಡುತ್ತಿದ್ದ ದಾದಿಯ ಕೈಯಿಂದ ಬಿದ್ದು ಹಾಗಾದವನು. ಸ್ನೇಹಿತನಾದ ಯೋನಾತಾನನ ಮಗನೆಂದು ದಾವೀದನು ಅವನನ್ನು ಕರೆಸಿ, ಯಾವಾಗಲೂ ತನ್ನ ಪಂಕ್ತಿಯಲ್ಲಿಯೇ ಊಟಮಾಡುವಂತೆ ಅಪ್ಪಣೆಮಾಡಿದನು. ಅದು ವಾತ್ಸಲ್ಯವೋ, ಹಳೆಯ ರಾಜವಂಶದ ಕುಡಿಯನ್ನು ಕಣ್ಣಳತೆಯಲ್ಲಿಟ್ಟುಕೊಳ್ಳುವ ರಾಜನೀತಿಯೋ? ಅದೇ ದಾವೀದನ ಕಾಲದಲ್ಲಿಯೇ ಸೌಲನ ವಂಶದ ಏಳು ಮಂದಿಯನ್ನು ಗಿಬ್ಯೋನ್ಯರ ಕೈಗೆ ಕೊಟ್ಟು ಕೊಲ್ಲಿಸಲಾಯಿತು, ಕುಂಟನೊಬ್ಬನು ಉಳಿದನು. ಈಗ, ನಾನೂರು ವರ್ಷಗಳಿಗೂ ಮೇಲೆ, ದಾವೀದನ ವಂಶದ ಅರಸನು ಐವತ್ತೈದನೆಯ ವಯಸ್ಸಿನಲ್ಲಿ ಬೇರೊಬ್ಬ ಅರಸನ ಪಂಕ್ತಿಯಲ್ಲಿ, ಅದೇ ರೀತಿಯಲ್ಲಿ, ಯಾವಾಗಲೂ ಊಟಮಾಡುತ್ತ ಕುಳಿತಿರುವನು. ಸೌಲನ ಮನೆಗೆ ಬಂದ ಗತಿ ದಾವೀದನ ಮನೆಗೂ ಬಂದಿತು. ಗ್ರಂಥಕಾರನು ಒಂದು ಮಾತಿನಿಂದಲೂ ಇದನ್ನು ಬೆರಳಿಟ್ಟು ತೋರಿಸಲಿಲ್ಲ. ಊಟದ ಮಾತನ್ನು ಮಾತ್ರ ಹೇಳಿ ಸುಮ್ಮನಾದನು. ಇಂಥದಕ್ಕಲ್ಲವೆ ನಾವು ಧ್ವನಿಯೆಂದು ಹೆಸರಿಟ್ಟಿರುವುದು?

ನಮ್ಮ ಧೃತರಾಷ್ಟ್ರನ ನೆನಪಾಗದೆ ಹೋಗುವುದಿಲ್ಲ. ಯುದ್ಧವಾದ ಮೇಲೆ ಹದಿನೈದು ವರ್ಷ ಅವನು ಯುಧಿಷ್ಠಿರನ ಅರಮನೆಯಲ್ಲಿ ಮರ್ಯಾದೆಯಿಂದಲೇ ಉಂಡನು. ಭೀಮನ ಕೊಂಕುಮಾತು ಅವನಿಗೆ ಆ ಅನ್ನವನ್ನು ಕಹಿಮಾಡಿತು. ಭಾಗವತದಲ್ಲಿ ವಿದುರನು ಇನ್ನೂ ಕಠಿನವಾಗಿ, ಭೀಮನು ಹಾಕಿದ ಕೂಳನ್ನು ಮನೆಯ ನಾಯಿಯಂತೆ ತಿನ್ನುತ್ತಿರುವೆಯೆಂದು ಅಣ್ಣನನ್ನು ಎಚ್ಚರಿಸುವನು. ಬಾಬೆಲಿನ ಪಂಕ್ತಿಯಲ್ಲಿ ಭೀಮನೂ ಇಲ್ಲ, ವಿದುರನೂ ಇಲ್ಲ. ಯೆಹೋಯಾಖೀನನ ಬಾಯಿಂದ ಒಂದು ಮಾತನ್ನೂ ಗ್ರಂಥಕಾರನು ಆಡಿಸಿಲ್ಲ. ನಮ್ಮ ಕವಿಗಳಾದರೆ ಇಲ್ಲಿ ಒಂದು ವಿಲಾಪವನ್ನು ಬರೆಯದೆ ಬಿಡುತ್ತಿರಲಿಲ್ಲ.

ಈ ಕೊನೆಯ ಅರ್ಥದ ವಿಷಯದಲ್ಲಿ ಜರ್ಮನಿಯ ಇಬ್ಬರು ದೊಡ್ಡ ಪಂಡಿತರು ಪರಸ್ಪರ ವಿರುದ್ಧವಾದ ಮತಗಳನ್ನು ಹೇಳಿರುವರು. ಮಾರ್ಟಿನ್ ನೋಟ್ ೧೯೪೩ರಲ್ಲಿ, ಇದು ಗ್ರಂಥಕಾರನಿಗೆ ತಿಳಿದ ಕಡೆಯ ಸಂಗತಿಯಾದುದರಿಂದ ಬರೆದುದೇ ಹೊರತು ಬೇರೆ ಗೂಢಾರ್ಥವಿಲ್ಲ, ಜನಾಂಗದ ಕಥೆಯು ಮುಗಿದುಹೋಯಿತೆಂಬುದೇ ಗ್ರಂಥದ ತಾತ್ಪರ್ಯವೆಂದರು. ಗೆರ್ಹಾರ್ಡ್ ಫಾನ್ ರಾಡ್ ೧೯೪೭ರಲ್ಲಿ, ದಾವೀದನ ವಂಶವು ಆರದೆಂದು ದೇವರು ಕೊಟ್ಟ ಮಾತಿನ ದೀಪವು ಇಲ್ಲಿ ಸಣ್ಣದಾಗಿ ಉರಿಯುತ್ತಿದೆ, ಆದುದರಿಂದ ಇದು ಆಶೆಯ ಕೊನೆಯೆಂದರು. ನಮ್ಮ ಪರಿಭಾಷೆಯಲ್ಲಿ ಹೇಳುವುದಾದರೆ ಮೊದಲನೆಯವರು ಭಾವಶಾಂತಿಯನ್ನೂ ಎರಡನೆಯವರು ಭಾವೋದಯವನ್ನೂ ಕಂಡರು.

ನೋಟರ ಮತವನ್ನು ನಾನು ಒಪ್ಪಲಾರದುದಕ್ಕೆ ಕಾರಣವನ್ನು ಆ ನಾಲ್ಕು ವಾಕ್ಯಗಳ ಆಚೆ ಹುಡುಕಬೇಕಾಗಿದೆ. ಎವೀಲ್ಮೆರೋದಕನು ಕ್ರಿ. ಪೂ. ೫೬೨ರಲ್ಲಿ ಪಟ್ಟಕ್ಕೆ ಬಂದು ೫೬೦ರಲ್ಲಿ ಕೊಲೆಯಾದನು. ಬಾಬಿಲೋನಿನ ಪುರೋಹಿತನಾಗಿದ್ದು ಗ್ರೀಕ್ ಭಾಷೆಯಲ್ಲಿ ಇತಿಹಾಸವನ್ನು ಬರೆದ ಬೆರೋಸಸನು, ಇವನು ಕಟ್ಟುಕಟ್ಟಳೆಗಳನ್ನು ಮೀರಿ ಆಳಿದನೆಂದೂ, ಅಕ್ಕತಂಗಿಯರಲ್ಲಿ ಒಬ್ಬಳ ಗಂಡನಾದ ನೆರಿಗ್ಲಿಸ್ಸಾರನು ಇವನನ್ನು ಕೊಂದು ತಾನು ಅರಸನಾದನೆಂದೂ ಹೇಳಿರುವನು. ಈ ನೆರಿಗ್ಲಿಸ್ಸಾರನು ಬೈಬಲಿಗೆ ಅಪರಿಚಿತನಲ್ಲ. ಯೆರೂಸಲೇಮಿನ ಕೋಟೆ ಬಿದ್ದ ದಿನ ನಡುಬಾಗಿಲಲ್ಲಿ ಬಂದು ಕುಳಿತ ಬಾಬೆಲಿನ ಸರದಾರರಲ್ಲಿ ನೇರ್ಗಲ್ ಸರೆಚರನೆಂದು ಯೆರೆಮೀಯನ ಗ್ರಂಥದಲ್ಲಿ ಬರುವವನು ಇವನೇ ಎಂದು ವಿದ್ವಾಂಸರು ಗುರುತಿಸಿರುವರು. ಅರಸುಗಳ ಗ್ರಂಥಕಾರನು ಯೆಹೋಯಾಖೀನನ ಇಡೀ ಬಾಳನ್ನು ಮುಗಿದದ್ದೆಂಬಂತೆ ಹಿಂದಿರುಗಿ ನೋಡಿ ಬರೆದಿರುವುದರಿಂದ, ಈ ಕೊಲೆಯ ಸುದ್ದಿಯು ಅವನಿಗೆ ತಲುಪಿತ್ತೆಂದೇ ನನಗೆ ತೋರುವುದು. ಒಳಸಂಚು, ಕೊಲೆ, ಸಿಂಹಾಸನದ ಅಪಹಾರ ಇವುಗಳನ್ನು ಬರೆಯುವುದರಲ್ಲಿ ಅವನಿಗೆ ಎಂದೂ ಸಂಕೋಚವಿರಲಿಲ್ಲ; ಅವನ ಉತ್ತರರಾಜ್ಯದ ಚರಿತ್ರೆಯಲ್ಲಿ ಬೇರೆ ಸಂಗತಿಯೇ ಕಡಮೆ. ತಿಳಿದ ಕಡೆಯ ಸುದ್ದಿಯನ್ನು ಬರೆಯುವುದೇ ಉದ್ದೇಶವಾಗಿದ್ದರೆ ಆ ಕೊಲೆಯನ್ನು ಬರೆಯಬೇಕಾಗಿತ್ತು. ಅದನ್ನು ಬಿಟ್ಟು ಪಡಿಯಲ್ಲಿ ನಿಲ್ಲಿಸಿದುದು ಆಯ್ಕೆ.

ಫಾನ್ ರಾಡರ ಮತಕ್ಕೆ ಅಡ್ಡಿಯಾಗುವುದು ಮತ್ತೊಂದು. ಆಶೆಯನ್ನು ಹೇಳಬೇಕೆಂದಿದ್ದರೆ ಗ್ರಂಥಕಾರನ ಕೈಯಲ್ಲಿ ಸಾಮಗ್ರಿಯಿತ್ತು. ದಾವೀದನಿಗೆ ದೇವರು ಕೊಟ್ಟ ಮಾತನ್ನು ಅವನು ಹಿಂದೆ ಹಲವು ಸಲ ನೆನಪಿಸಿರುವನು, ಇಲ್ಲಿ ನೆನಪಿಸಲಿಲ್ಲ. ಯೆಹೋಯಾಖೀನನಿಗೆ ಮಕ್ಕಳಿದ್ದರು, ಎಣ್ಣೆಯ ಲೆಕ್ಕದಲ್ಲಿಯೇ ಐವರಿರುವರು. ಅವರ ಹೆಸರನ್ನು ಎತ್ತಲಿಲ್ಲ. ಅವನ ಮೊಮ್ಮಗನಾದ ಜೆರುಬ್ಬಾಬೆಲನು ಮುಂದೆ ಯೆರೂಸಲೇಮಿಗೆ ಹಿಂದಿರುಗಿ ದೇವಾಲಯವನ್ನು ಮರಳಿ ಕಟ್ಟಿಸಿದುದು, ಯೆರೆಮೀಯನು ಅಜ್ಜನನ್ನು ಕಿತ್ತೆಸೆದ ಮುದ್ರೆಯುಂಗುರವೆಂದು ಶಪಿಸಿದ್ದರೆ ಹಗ್ಗಾಯನು ಮೊಮ್ಮಗನನ್ನು ಮುದ್ರೆಯುಂಗುರವೆಂದೇ ಕರೆದುದು, ಇವೆಲ್ಲ ನಮಗೆ ತಿಳಿದಿದೆ. ಆ ಬೆಳಕನ್ನು ಹಿಂದಕ್ಕೆ ಹರಿಸಿ ಈ ನಾಲ್ಕು ವಾಕ್ಯಗಳನ್ನು ಓದುವುದು ಭಕ್ತರಿಗೆ ಸಲ್ಲುವುದು. ಗ್ರಂಥದ ಮಾತಿಗೆ ಸಲ್ಲದು.

ಎರಡು ವಿರುದ್ಧಭಾವಗಳು ಸಮಬಲವಾಗಿ ಒಂದೆಡೆ ಕೂಡಿ, ಒಂದು ಮತ್ತೊಂದನ್ನು ಅಡಗಿಸದೆ ನಿಲ್ಲುವುದಕ್ಕೆ ಆಲಂಕಾರಿಕರು ಭಾವಸಂಧಿಯೆಂದು ಹೆಸರಿಟ್ಟರು. ನಮ್ಮವರು ಅದನ್ನು ಒಂದು ಶ್ಲೋಕದ ಮಟ್ಟಿಗೆ ಉದಾಹರಿಸುವರು. ೪೭ ಅಧ್ಯಾಯಗಳ ಗ್ರಂಥವೊಂದು ಭಾವಸಂಧಿಯಲ್ಲಿ ಮುಗಿದುದನ್ನು ನಾನು ಕಂಡುದು ಇಲ್ಲಿಯೇ. ಆನಂದವರ್ಧನನ ಕ್ರಮದಲ್ಲಿ ಇಲ್ಲಿಂದ ಹಿಂದಿರುಗಿ ನೋಡಿದರೆ, ಮುಪ್ಪಿನ ದಾವೀದನಿಂದ ಮೊದಲಾದ ಎಲ್ಲ ಅರಸರ ತೀರ್ಪುಗಳೂ ಬೇರೊಂದು ಬಣ್ಣವನ್ನು ತಾಳುವುವು. ಅಷ್ಟು ತೀರ್ಪು ಹೇಳಿದವನು ಕಡೆಯಲ್ಲಿ, ಪರಮತದ, ಪರದೇಶದ, ಎರಡೇ ವರ್ಷ ಆಳಿ ಹತನಾದ ಅರಸನೊಬ್ಬನು ಹೊಸವರ್ಷಕ್ಕೆ ಮೂರು ದಿನ ಮೊದಲು ಮಾಡಿದ ಕಾರ್ಯದ ಮುಂದೆ ತೀರ್ಪನ್ನು ತಡೆದು ನಿಂತಿರುವನು.

ಬೆರೋಸಸನ ಮಾತು ಸುಳ್ಳಾಗಿರಬೇಕಾಗಿಲ್ಲ. ತನ್ನ ಜನಕ್ಕೆ ಕೆಟ್ಟವನಾದವನು ಒಬ್ಬ ಸೆರೆಯವನಿಗೆ ಒಳ್ಳೆಯವನಾಗಿರಬಹುದು. ಅವನ ವಿಷಯದಲ್ಲಿ ಉಳಿದಿರುವ ಇತರ ದಾಖಲೆಗಳು ಬಹಳ ಸ್ವಲ್ಪ: ಕೆಲವು ವ್ಯವಹಾರದ ಹಲಗೆಗಳು, ಶೂಷನ್ ಪಟ್ಟಣದಲ್ಲಿ ಸಿಕ್ಕಿ ಈಗ ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದಲ್ಲಿರುವ, ಅವನ ಅರಮನೆಯ ಹೆಸರು ಕೊರೆದ ಕಲ್ಲಿನ ಭರಣಿ, ಇಂಥವು. ಅವನ ಹೆಸರು ಕನ್ನಡದವರೆಗೆ ಬಂದುದು ಶತ್ರುಜನಾಂಗದ ಗ್ರಂಥದಲ್ಲಿ ಒಂದು ಊಟದ ಪ್ರಸಂಗದಿಂದ.

ಕಡೆಯದಾಗಿ ಯೆರೆಮೀಯನ ಗ್ರಂಥದ ಪಾಠಭೇದ. ಅಲ್ಲಿ ಇಪ್ಪತ್ತೇಳನೆಯ ದಿನದ ಬದಲು ಇಪ್ಪತ್ತೈದನೆಯ ದಿನವೆಂದಿದೆ, ಇದು ಅಲ್ಪ. ಮತ್ತೊಂದು ಭೇದವು ಅಲ್ಪವಲ್ಲ. ಪಡಿಯು ಅವನ ಜೀವಮಾನವೆಲ್ಲ ಸಲ್ಲುತ್ತಿತ್ತೆಂಬ ಮಾತಿನೊಡನೆ, ಅವನು ಸಾಯುವ ದಿನದವರೆಗೂ ಎಂದು ಅಲ್ಲಿ ಸೇರಿಸಿದೆ. ಅರ್ಥವು ಒಂದೇ ಅಲ್ಲವೆ ಎಂದು ವಾಚಕರು ಕೇಳಬಹುದು. ಲೆಕ್ಕದಲ್ಲಿ ಒಂದೇ. ಆದರೆ ಯೆರೆಮೀಯನ ಗ್ರಂಥವು ಮರಣವೆಂಬ ಶಬ್ದವನ್ನು ಬಾಯಲ್ಲಿಟ್ಟುಕೊಂಡು ಕೊನೆಗೆ ಬರುವುದು; ಅರಸುಗಳ ಗ್ರಂಥವು ಆ ಶಬ್ದವನ್ನು ಆಡದೆ, ಅವನನ್ನು ಪಂಕ್ತಿಯಲ್ಲಿ ಕುಳಿತಂತೆಯೇ ಬಿಟ್ಟು ಮುಗಿಯುವುದು.